ಓಟದ ಆರಂಭದ ನೂಕುನುಗ್ಗಲು: ಮುಂದೆ ನಿಲ್ಲಬೇಕೇ, ಹಿಂದೆಯೇ?

ಪ್ರಶ್ನೆ: ನಾನು 43 ವರ್ಷದ ಶಿಕ್ಷಕಿ. ಇತ್ತೀಚೆಗೆ ಮೊದಲ ಸಲ 10 ಕಿ.ಮೀ. ಓಟದಲ್ಲಿ ಪಾಲ್ಗೊಂಡೆ. ಗುಂಡಿನ ಸದ್ದು ಕೇಳಿದ ಮೇಲೂ ಆರೇಳು ನಿಮಿಷ ನಿಂತಲ್ಲೇ ನಿಂತಿದ್ದೆವು. ಹಿಂದಿನವರು ತಳ್ಳತೊಡಗಿದರು. ನನ್ನ ಮುಂದಿದ್ದವರು ಬಿದ್ದರು, ಅವರ ಮೇಲೆ ನಾನೂ ಬೀಳುವುದರಲ್ಲಿದ್ದೆ. ಮುಂದಿನ ಬಾರಿ ಬೇಗ ಹೋಗಿ ಮೊದಲ ಸಾಲಿನಲ್ಲೇ ನಿಂತರೆ ಹೇಗೆ? ಕಾದ ನಿಮಿಷಗಳೆಲ್ಲ ನನ್ನ ಸಮಯಕ್ಕೆ ಸೇರುತ್ತವೆಯೇ? (ಓದುಗರು, ತುಮಕೂರು)

ಉತ್ತರ: ಸಮಯದ ಚಿಂತೆ ಮೊದಲು ಬಿಡಿ. ನಿಮ್ಮ ಬಿಬ್‌ನ (ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಹಾಳೆ) ಹಿಂಬದಿಯಲ್ಲಿ ಅಂಟಿಸಿದ್ದ ತೆಳುವಾದ ಪಟ್ಟಿಯೇ ಸಮಯ ಅಳೆಯಲು ನೆರವಾಗುವ ಚಿಪ್. ಆರಂಭದ ಗೆರೆಯಲ್ಲಿ ಹಾಸಿದ ಚಾಪೆಯನ್ನು ನೀವು ದಾಟಿದ ಕ್ಷಣದಿಂದ ನಿಮ್ಮ ಲೆಕ್ಕ ಶುರುವಾಗುತ್ತದೆ. ಅದು ಚಿಪ್ ಟೈಮ್. ಗುಂಡು ಹಾರಿದ ಕ್ಷಣದಿಂದ ಎಣಿಸುವುದು ಗನ್ ಟೈಮ್. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಅಧಿಕೃತವೆನಿಸುವುದು ಗನ್ ಟೈಮೇ. ಆದ್ದರಿಂದ ಬಹುಮಾನಕ್ಕೆ ಸೆಣಸುವವರು ಗೆರೆಗೆ ಅಂಟಿಕೊಂಡೇ ನಿಲ್ಲಬೇಕಾಗುತ್ತದೆ. ತಮ್ಮ ಸಮಯವನ್ನು ತಾವೇ ಸುಧಾರಿಸಿಕೊಳ್ಳಲು ಓಡುವ ನನ್ನ ನಿಮ್ಮಂಥವರಿಗೆ ಚಿಪ್ ಟೈಮ್ ಸಾಕು. ಹತ್ತು ನಿಮಿಷ ತಡವಾಗಿ ಗೆರೆ ದಾಟಿದರೂ ಒಂದು ಸೆಕೆಂಡೂ ನಷ್ಟವಿಲ್ಲ.

ಮೊದಲ ಸಾಲಿನ ಯೋಚನೆಯನ್ನು ದಯವಿಟ್ಟು ಕೈಬಿಡಿ. 10 ಕಿ.ಮೀ.ಯನ್ನು 40 ನಿಮಿಷದಲ್ಲಿ ಮುಗಿಸುವವರು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೊರಡುತ್ತಾರೆ. 75 ನಿಮಿಷ ಬೇಕಾದವರ ವೇಗ 8 ಕಿ.ಮೀ. ನಿಧಾನದವರು ಮುಂದಿದ್ದರೆ ವೇಗದವರು ಎಡಬಲ ನುಸುಳುತ್ತಾರೆ, ಕಾಲಿಗೆ ಕಾಲು ತೊಡರುತ್ತದೆ. ನಾನು ಕಂಡ ಬೀಳುವಿಕೆಗಳಲ್ಲಿ ಹೆಚ್ಚಿನವು ಆಗಿದ್ದು ಹೀಗೆಯೇ, ಮೊದಲ ಇನ್ನೂರು ಮೀಟರ್ ಒಳಗೆ.

ತಳ್ಳಿದರೆ ಸಾಲು ಬೇಗ ಚಲಿಸುತ್ತದೆ ಎಂಬುದೂ ತಪ್ಪು. 2016ರ ಷಿಕಾಗೊ ಮ್ಯಾರಥಾನ್‌ನ ಆರಂಭವನ್ನು ಫ್ರಾನ್ಸಿನ ಭೌತವಿಜ್ಞಾನಿಗಳಾದ ನಿಕೋಲಾ ಬ್ಯಾಂ ಮತ್ತು ಡೆನಿ ಬಾರ್ತೊಲೊ ಚಿತ್ರೀಕರಿಸಿ ಅಧ್ಯಯನ ಮಾಡಿದರು. ಅಲ್ಲಿ ಸ್ವಯಂಸೇವಕರು ಕೈಕೈ ಹಿಡಿದು ಸಾಲುಗಟ್ಟಿ ಓಟಗಾರರ ಗುಂಪನ್ನು ಗೆರೆಯತ್ತ ನಡೆಸಿ ತರುತ್ತಾರೆ. ಮುಂದಿನವರು ಹೆಜ್ಜೆ ಇಟ್ಟ ಸುದ್ದಿ ಹಿಂದಕ್ಕೆ ಅಲೆಯಂತೆ ಹರಿಯುತ್ತದೆ, ಅದರ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. ಅಂದರೆ ನೂರು ಮೀಟರ್ ಹಿಂದಿರುವವರಿಗೆ ಆ ಅಲೆ ತಲುಪಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಮುಂದೆ ಜಾಗವೇ ಇಲ್ಲದಾಗ ಹಿಂದಿನಿಂದ ತಳ್ಳಿದರೆ ನಡುವೆ ಇರುವವರ ಎದೆ ಒತ್ತುತ್ತದೆ, ಅಷ್ಟೇ.

ನಿಮ್ಮ ನಿರೀಕ್ಷಿತ ಸಮಯದ ಫಲಕ ಹಿಡಿದ ಪೇಸರ್ (ಆ ಸಮಯಕ್ಕೆ ಮುಗಿಸುವಂತೆ ಒಂದೇ ವೇಗದಲ್ಲಿ ಓಡಿ ಉಳಿದವರಿಗೆ ದಾರಿ ತೋರುವವರು) ಎಲ್ಲಿದ್ದಾರೋ ಅಲ್ಲಿ, ರಸ್ತೆಯ ಅಂಚಿಗೆ ನಿಲ್ಲಿ. ಲೇಸಿಗೆ ಎರಡು ಗಂಟು ಮನೆಯಲ್ಲೇ ಹಾಕಿಕೊಳ್ಳಿ. ಸಾಲಿನ ನಡುವೆ ಅದು ಬಿಚ್ಚಿದರೆ ಬಗ್ಗಬೇಡಿ, ಅಂಚಿಗೆ ಸರಿದ ಮೇಲೆ ಕಟ್ಟಿ. ಒತ್ತಡ ಹೆಚ್ಚಾದರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ತಂದು ಉಸಿರಾಡಲು ಜಾಗ ಉಳಿಸಿಕೊಳ್ಳಿ. ಮುಂದಿನವರು ಬಿದ್ದರೆ ಕೈ ಮೇಲೆತ್ತಿ ‘ಬಿದ್ದಿದ್ದಾರೆ, ನಿಲ್ಲಿ’ ಎಂದು ಗಟ್ಟಿಯಾಗಿ ಕೂಗಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಕ್ರೀಡಾ ಸಂಘದಿಂದ ಓಟ ಏರ್ಪಡಿಸುತ್ತಿದ್ದೇವೆ. 3,000 ಜನ ನೋಂದಾಯಿಸಿದ್ದಾರೆ. ಎಲ್ಲರನ್ನೂ ಕಾಲೇಜು ಮೈದಾನದಲ್ಲಿ ಸೇರಿಸಿ, ಮುಖ್ಯ ಗೇಟಿನಿಂದ ಓಟ ಆರಂಭಿಸುವ ಯೋಜನೆಯಿದೆ. ಹೊರಗಿನ ರಸ್ತೆ ಸುಮಾರು 7 ಮೀಟರ್ ಅಗಲವಿದೆ. ಸಲಹೆ ಕೊಡಿ. (ಓದುಗರು, ಹಾಸನ ಜಿಲ್ಲೆ)

ಉತ್ತರ: ಗೇಟಿನಿಂದ ಆರಂಭಿಸಬೇಡಿ. ಓಡುವ ಉತ್ಸಾಹದಲ್ಲಿರುವ ಸಾವಿರಾರು ಜನರನ್ನು ಕಿರಿದಾದ ಬಾಗಿಲಿನತ್ತ ಏಕಕಾಲಕ್ಕೆ ಬಿಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಲುಕಿ 11 ಜನ ಪ್ರಾಣ ಕಳೆದುಕೊಂಡರು. ಗೆರೆಯನ್ನು ರಸ್ತೆಗೇ ತನ್ನಿ. ಗೇಟಿನಿಂದ ಜನ ನಡೆದುಕೊಂಡು, ಗುಂಪು ಗುಂಪಾಗಿ ಹೊರಬರಲಿ.

ಈಗ ಲೆಕ್ಕ ಹಾಕೋಣ. ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಒಬ್ಬರು ಗೆರೆ ದಾಟುತ್ತಾರೆ ಎಂದಿಟ್ಟುಕೊಳ್ಳಿ. ನಿಮ್ಮ ರಸ್ತೆಯಲ್ಲಿ ನಿಮಿಷಕ್ಕೆ 420 ಜನ. ಎಲ್ಲರೂ ದಾಟಲು ಏಳು ನಿಮಿಷಕ್ಕೂ ಹೆಚ್ಚು ಬೇಕು. ಅದರ ಬದಲು ಸಾವಿರ ಜನರ ಮೂರು ಸರದಿ ಮಾಡಿ, ಐದು ನಿಮಿಷಕ್ಕೊಂದು ಸರದಿ ಬಿಡಿ. ಒಂದು ಸರದಿ ಎರಡೂವರೆ ನಿಮಿಷದಲ್ಲಿ ಖಾಲಿಯಾಗುತ್ತದೆ, ಉಳಿದ ಸಮಯದಲ್ಲಿ ರಸ್ತೆ ತೆರವಾಗುತ್ತದೆ. ಆ ನಡುವೆ ಇಬ್ಬರು ಸ್ವಯಂಸೇವಕರು ಗೆರೆಯ ಬಳಿ ಬಿದ್ದ ನೀರಿನ ಬಾಟಲಿಗಳನ್ನು ಹೆಕ್ಕಲಿ. ಚದರ ಮೀಟರಿಗೆ ಇಬ್ಬರಂತೆ ನಿಂತರೆ ಒಂದು ಸರದಿಗೆ ಸುಮಾರು 70 ಮೀಟರ್ ಉದ್ದದ ಜಾಗ ಸಾಕು. ಚದರ ಮೀಟರಿಗೆ ನಾಲ್ಕೈದು ಜನರಾದರೆ ಅಪಾಯ ಶುರುವಾಯಿತೆಂದೇ ತಿಳಿಯಿರಿ.

ಅಮೆರಿಕದ ಹಾಪ್ಕಿಂಟನ್ ಎಂಬ ಸಣ್ಣ ಊರಿನ ಇಕ್ಕಟ್ಟಾದ ರಸ್ತೆಯಿಂದ ಹೊರಡುವ ಬಾಸ್ಟನ್ ಮ್ಯಾರಥಾನ್ ಕೂಡ 2006ರಿಂದ ಸರದಿಯ ಪದ್ಧತಿಗೆ ಬಂತು. ಅಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದು ಅವರ ಹಿಂದಿನ ಓಟದ ಸಮಯದ ಮೇಲೆ ತೀರ್ಮಾನವಾಗುತ್ತದೆ. ನೀವೂ ನೋಂದಾಯಿಸಿದವರಿಗೆಲ್ಲ ಮತ್ತೊಮ್ಮೆ ಸಂದೇಶ ಕಳುಹಿಸಿ ನಿರೀಕ್ಷಿತ ಸಮಯ ಕೇಳಿ, ಬಿಬ್‌ಗೆ ಮೂರು ಬಣ್ಣ ಕೊಡಿ. ಬೇಗ ಬಂದವರಿಗೆ ಮುಂದಿನ ಜಾಗ ಎಂಬ ರೂಢಿ ಬೇಡವೇ ಬೇಡ. ಮಕ್ಕಳೊಂದಿಗೆ ನಡೆಯುವವರಿಗೆ ಕೊನೆಯ ಸರದಿ ಇರಲಿ.

ಪ್ರತಿ ಸರದಿಯ ಮುಂದೆ ಅಡ್ಡಲಾಗಿ ದಪ್ಪ ಹಗ್ಗ ಹಿಡಿದು ಗೆರೆಯವರೆಗೆ ನಿಧಾನ ನಡೆಸಿ ತನ್ನಿ, ಅಲ್ಲಿ ನಿಲ್ಲಿಸಿ, ಆಮೇಲೆ ಬಿಡಿ. ತೇರಿನ ಮುಂದೆ ಜನರನ್ನು ಸಂಭಾಳಿಸಿ ಅನುಭವವಿರುವವರು ನಿಮ್ಮೂರಿನಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕರೆಯಿರಿ. ಧ್ವನಿವರ್ಧಕವನ್ನು ಕೊನೆಯ ಸಾಲಿನ ಬಳಿಯೂ ಇಡಿ. ತಡವೇಕೆ ಎಂದು ಗೊತ್ತಾದರೆ ಜನ ಕಾಯುತ್ತಾರೆ, ಗೊತ್ತಾಗದಿದ್ದರೆ ತಳ್ಳುತ್ತಾರೆ.

ಇನ್ನು ಗಣ್ಯರು. ಬಾವುಟ ಬೀಸುವವರು ರಸ್ತೆಯ ಮೇಲೆ ಸಾಲಾಗಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವಾಗಲೇ ಹಿಂದಿನಿಂದ ಜನ ಒತ್ತಿ ಬಂದುದನ್ನು ನಾನು ಎರಡು ಕಡೆ ಕಂಡಿದ್ದೇನೆ. ರಸ್ತೆಯ ಪಕ್ಕದಲ್ಲಿ, ಬ್ಯಾರಿಕೇಡಿನ ಆಚೆ ಅವರಿಗೊಂದು ವೇದಿಕೆ ಕಟ್ಟಿಸಿ. ಭಾಷಣವಿದ್ದರೆ ಓಟಗಾರರು ಇನ್ನೂ ಮೈದಾನದಲ್ಲಿ ಹರಡಿಕೊಂಡಿರುವಾಗಲೇ ಮುಗಿಸಿ.