ಆಪ್ತಸಲಹೆ ಪ್ರಕರಣ: “ನನ್ನ ಗೇಣು ಸಾಲದು”

(ಗುರುತು ಸಿಗದಂತೆ ಮನೆ ಮತ್ತು ವಯಸ್ಸಿನ ವಿವರಗಳನ್ನು ಬದಲಿಸಲಾಗಿದೆ.)

ಹುಡುಗಿಗೆ 15 ವರ್ಷ. ಸಕಲೇಶಪುರದ ಆಚೆ ಕಾಫಿ ತೋಟದ ಮನೆ. ವಾರಕ್ಕೊಮ್ಮೆ ಹಾಸನಕ್ಕೆ ಬಂದು ಪಿಯಾನೊ ಕಲಿಯುತ್ತಾಳೆ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ ನಡೆಸುವ ಪರೀಕ್ಷೆಯ ಐದನೇ ಗ್ರೇಡ್ ಮುಗಿಸಿ ಆರನೆಯದಕ್ಕೆ ತಯಾರಾಗುತ್ತಿದ್ದಳು. ತಾಯಿ ಕರೆತಂದದ್ದು ಮಾತ್ರ ಬೇರೆ ಕಾರಣಕ್ಕೆ: ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಅಳುತ್ತಾಳೆ, ಎಸ್ಸೆಸ್ಸೆಲ್ಸಿ ವರ್ಷ ಬೇರೆ.

ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಸುಮ್ಮನಿದ್ದವಳು ಕೊನೆಗೆ ಅಂಗೈ ಬಿಡಿಸಿ ಮೇಜಿನ ಮೇಲಿಟ್ಟಳು. “ನೋಡಿ ಮೇಡಂ, ಇಷ್ಟೇ ನನ್ನ ಕೈ. ನಮ್ಮ ಚಿಕ್ಕಪ್ಪನ ಮಗ ಒಂದ್ಸಲ ಕೇಳಿದ್ರೆ ಸಾಕು, ಹಾಡು ನುಡಿಸಿಬಿಡ್ತಾನೆ. ಅವನಿಗೆ ಹುಟ್ಟುತ್ತಲೇ ಬಂದಿದೆ. ನಂಗೆ ಕೈಯೂ ಇಲ್ಲ, ಅದೂ ಇಲ್ಲ.”

ಇವು ಎರಡು ಬೇರೆ ಬೇರೆ ಮಾತು. ಅವಳ ಮನಸ್ಸಿನಲ್ಲಿ ಎರಡೂ ಗಂಟುಬಿದ್ದಿದ್ದವು. ಕೈಯನ್ನು ಸ್ಕೇಲಿನಲ್ಲಿ ಅಳೆಯಬಹುದು, ‘ಹುಟ್ಟು ಪ್ರತಿಭೆ’ಯನ್ನು ಹಾಗೆ ಅಳೆಯಲಾಗದು. ಗಂಟು ಬಿಡಿಸದೆ ಸಮಾಧಾನ ಹೇಳಿದ್ದರೆ ಅದು ಅವಳ ಕಿವಿಗೇ ಬೀಳುತ್ತಿರಲಿಲ್ಲ.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿತ್ತು. ಬಲ ಮುಂಗೈ ಯಾಕೆ ಉಜ್ಜಿಕೊಳ್ಳುತ್ತೀಯ ಎಂದು ಕೇಳಿದಾಗ ವಿಷಯ ಹೊರಬಂತು. ಬೆರಳ ಸಂದಿಗಳಿಗೆ ಬಟ್ಟೆ ಕ್ಲಿಪ್ಪಿನ ಮರದ ತುಂಡು ಸಿಕ್ಕಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮಲಗುತ್ತಿದ್ದಳು, ಕೈ ಅಗಲವಾಗಲಿ ಎಂದು. ಬೆಳಿಗ್ಗೆ ಪೆನ್ನು ಹಿಡಿದರೂ ಮಣಿಕಟ್ಟಿನಿಂದ ಮೊಣಕೈವರೆಗೆ ಸೆಳೆತ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಂದೇ ನಿಲ್ಲಿಸಲು ಹೇಳಿದೆವು, ಮೂಳೆ ವೈದ್ಯರಿಗೂ ಫಿಸಿಯೊಥೆರಪಿಸ್ಟರಿಗೂ ತೋರಿಸಿದ ನಂತರವೇ ಪಿಯಾನೊ ಎಂದೆವು. ಶೂಮನ್ ಎಂಬ ಸಂಗೀತಗಾರ 1830ರ ದಶಕದ ಆರಂಭದಲ್ಲಿ ಬಲಗೈ ಬೆರಳು ಸ್ವಾಧೀನ ತಪ್ಪಿ ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಬೆರಳಿಗೆ ಸಾಧನ ಕಟ್ಟಿಕೊಂಡು ಅಭ್ಯಾಸ ಮಾಡಿದ್ದನ್ನು ಅವನೇ ಬರೆದಿಟ್ಟಿದ್ದಾನೆ. ನಿಜ ಕಾರಣದ ಬಗ್ಗೆ ಇಂದಿಗೂ ಚರ್ಚೆಯಿದೆ, ಆದರೂ ಕೈಯನ್ನು ಬಲವಂತವಾಗಿ ಎಳೆಯುವವರು ಆ ಕಥೆ ತಿಳಿದಿರಬೇಕು.

ಎರಡನೇ ಭೇಟಿಯಲ್ಲಿ ಗೇಣು ಅಳೆದೆವು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ, ನೋವಾಗದಷ್ಟೇ ಬಿಡಿಸಿ: ಬಲಗೈ 18.7 ಸೆಂ.ಮೀ., ಎಡಗೈ 18.9. ಇನ್ನು ಪಿಯಾನೊ ಲೆಕ್ಕ. ಒಂದು ಬಿಳಿ ಕೀ ಸುಮಾರು 2.35 ಸೆಂ.ಮೀ. ಅಗಲ. ಕೆಳಗಿನ ‘ಸ’ದ ನಡುವಿನಿಂದ ಮೇಲಿನ ‘ಸ’ದ ನಡುವಿಗೆ, ಅಂದರೆ ಒಂದು ಆಕ್ಟೇವಿಗೆ, ಸುಮಾರು 16.5 ಸೆಂ.ಮೀ. ಇನ್ನೊಂದು ಕೀ ಮುಂದಕ್ಕೆ ಹೋದರೆ 18.8.

“ಅಂದ್ರೆ ಆಕ್ಟೇವ್ ನಂಗೆ ಸಿಗುತ್ತೆ?” ಎಂದಳು. ಸಿಗುತ್ತದೆ. ಆದರೆ ಮುಟ್ಟುವುದು ಬೇರೆ, ನುಡಿಸುವುದು ಬೇರೆ. ಕೈ ಪೂರ್ತಿ ಬಿಡಿಸಿಕೊಂಡಾಗ ಅದನ್ನು ಬಿಡಿಸಿ ಹಿಡಿಯುವ ಸ್ನಾಯುಗಳೇ ದುಡಿಯುತ್ತಿರುತ್ತವೆ. ಮಣಿಕಟ್ಟು ಬಿಗಿಯುತ್ತದೆ, ನಡುವಿನ ಮೂರು ಬೆರಳು ಸ್ವತಂತ್ರವಾಗಿ ಏಳುವುದಿಲ್ಲ. ಒಂದೆರಡು ಆಕ್ಟೇವ್ ಪರವಾಗಿಲ್ಲ. ಅವಳ ಪರೀಕ್ಷೆಯ ಒಂದು ಕೃತಿಯಲ್ಲೋ ಒಳಗೆ ಎರಡೆರಡು ಸ್ವರ ತುಂಬಿದ ಆಕ್ಟೇವ್ ಕಾರ್ಡ್‌ಗಳು (ಒಟ್ಟಿಗೆ ಒತ್ತುವ ಸ್ವರಗಳ ಗುಚ್ಛಗಳು) ಸಾಲುಸಾಲಾಗಿದ್ದವು. ಅದನ್ನೇ ದಿನಕ್ಕೆ ಒಂದೂವರೆ ಗಂಟೆ, ಎಡೆಬಿಡದೆ. ಮುಂಗೈ ನೋಯದೆ ಇನ್ನೇನಾದೀತು?

ಇನ್ನೊಂದು ಸಂಗತಿ ತಾಯಿಯ ಮಾತಿನಿಂದ ತಿಳಿಯಿತು. ಮೊದಲ ಮೂರು ವರ್ಷ ಅವಳು ಕಲಿತದ್ದು ಕಿರಿದಾದ ಕೀಗಳಿರುವ ಪುಟ್ಟ ಕೀಬೋರ್ಡಿನಲ್ಲಿ. ಅದರಲ್ಲಿ ಆಕ್ಟೇವ್ ಸಲೀಸಾಗಿ ಸಿಗುತ್ತಿತ್ತು. ನಿಜವಾದ ಪಿಯಾನೊ ಮುಂದೆ ಕೂತಾಗ ಎಲ್ಲ ದೂರ ಸರಿದಂತಾಯಿತು, ತನ್ನ ಕೈಯೇ ಕುಗ್ಗಿತು ಎಂದುಕೊಂಡಳು. ಮಕ್ಕಳಿಗೆ ಕೀಬೋರ್ಡ್ ಕೊಳ್ಳುವವರು ಅಂಗಡಿಯಲ್ಲೇ ಸ್ಕೇಲ್ ಇಟ್ಟು ಏಳು ಬಿಳಿ ಕೀ ಅಳೆಯಲಿ. 16.5 ಸೆಂ.ಮೀ. ಆಸುಪಾಸು ಬರದಿದ್ದರೆ ಅದು ಪಿಯಾನೊ ಕಲಿಕೆಗೆ ಆಗುವುದಲ್ಲ.

ಈ ಅಳತೆಯೂ ದೇವರು ಕೊಟ್ಟದ್ದಲ್ಲ. ಮೊಜಾರ್ಟ್ ಕಾಲದ ವಿಯೆನ್ನಾ ಪಿಯಾನೊಗಳ ಆಕ್ಟೇವ್ ಸುಮಾರು ಅರ್ಧ ಸೆಂ.ಮೀ. ಕಿರಿದಾಗಿತ್ತು. ಹೆಸರಾಂತ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್‌ಗೆ ಕೈ ಚಿಕ್ಕದೆಂದು ಸ್ಟೈನ್‌ವೇ ಕಂಪನಿ ಕಿರಿದಾದ ಕೀಗಳ ಪಿಯಾನೊ ಮಾಡಿಕೊಟ್ಟಿತ್ತು. ಸ್ಪೇನಿನ ಪಿಯಾನೊ ವಾದಕಿ ಅಲಿಸಿಯಾ ಡಿ ಲರೋಚಾ ಚಿಕ್ಕ ಕೈಯಲ್ಲೇ ಜಗತ್ತು ಸುತ್ತಿ ನುಡಿಸಿದಾಕೆ. ಇದನ್ನು ಹೇಳಿದಾಗ ಹುಡುಗಿ ಮೊದಲ ಬಾರಿ ತಲೆಯೆತ್ತಿ ನೋಡಿದಳು.

ಕೈ ಇನ್ನೂ ಬೆಳೆಯುತ್ತದೆಯೇ ಎಂದು ತಾಯಿ ಕೇಳಿದರು. ಹೆಣ್ಣುಮಕ್ಕಳಲ್ಲಿ 15ರ ಹೊತ್ತಿಗೆ ಅದು ಬಹುಪಾಲು ಮುಗಿದಿರುತ್ತದೆ. ಸುಳ್ಳು ಆಸೆ ಹುಟ್ಟಿಸಲಿಲ್ಲ. ಇರುವ ಗೇಣಿಗೆ ನುಡಿಸುವ ಬಗೆ ಹೊಂದಿಸಿಕೊಳ್ಳಬೇಕು.

ಪಿಯಾನೊ ಬಲ್ಲವರ ಜೊತೆ ಕೂತು ನಿರ್ಧರಿಸಿದ್ದು ಹೀಗೆ. ಸ್ಟೂಲಿನ ಎತ್ತರ ಮೊಣಕೈ ಕೀ ಮಟ್ಟಕ್ಕೆ ಅಥವಾ ಕೂದಲೆಳೆ ಮೇಲಕ್ಕೆ ಬರುವಷ್ಟು. ಅವಳದು ತಗ್ಗಾಗಿತ್ತು, ಭುಜ ಏಳುತ್ತಿತ್ತು. ಬಿಳಿ ಆಕ್ಟೇವನ್ನು ಕೀಯ ಅಂಚಿನಲ್ಲೇ ಹಿಡಿಯಬೇಕು. ಒಳಕ್ಕೆ ಹೋದಷ್ಟೂ ನಡುಬೆರಳುಗಳಿಗೆ ಕರಿ ಕೀ ಅಡ್ಡ ಬಂದು ಕೈ ಮುದುಡುತ್ತದೆ. ಒತ್ತಿದ ತಕ್ಷಣ ಕೈ ತಾನಾಗಿ ಮುಚ್ಚಿಕೊಳ್ಳಲಿ, ಮುಂದಿನದಕ್ಕೆ ತೋಳೇ ಕೊಂಡೊಯ್ಯಲಿ. ಬಿಡಿಸಿದ ಕೈಯನ್ನು ಹಾಗೇ ಹಿಡಿದುಕೊಂಡು ಜಾರುವುದೇ ಚಿಕ್ಕ ಕೈಯವರು ಮಾಡುವ ದೊಡ್ಡ ತಪ್ಪು. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ನಾಲ್ಕು ಆಕ್ಟೇವ್, ನಂತರ ಕೈ ತೊಡೆಯ ಮೇಲೆ. ಒಮ್ಮೆ ಕೂತರೆ 20 ನಿಮಿಷ, ಅದರಲ್ಲಿ ಆಕ್ಟೇವ್ ಐದು ನಿಮಿಷ ಮೀರಬಾರದು. ಸೆಳೆತ ಶುರುವಾದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಸಿಗದ ಕಾರ್ಡ್ ಬಂದಾಗ ಮೊದಲು ನೋಡಬೇಕಾದ್ದು, ಒಳಗಿನ ಸ್ವರ ಎಡಗೈಯಲ್ಲಿ ಆಗಲೇ ಇದೆಯೇ ಎಂದು. ಇದ್ದರೆ ಬಿಟ್ಟುಬಿಡಬಹುದು. ಇಲ್ಲವಾದರೆ ಇನ್ನೊಂದು ಕೈಗೆ ಕೊಡಬಹುದು, ಅಥವಾ ಕೆಳಗಿನ ಸ್ವರ ಒತ್ತಿ, ಕಾಲಿನ ಪೆಡಲಿನಲ್ಲಿ ಅದರ ನಾದ ಹಿಡಿದು ಉಳಿದದ್ದನ್ನು ಹಿಂದೆಯೇ ನುಡಿಸಬಹುದು. ಮೇಲಿನ ರಾಗದ ಸ್ವರವನ್ನೂ ತಳದ ಸ್ವರವನ್ನೂ ಮಾತ್ರ ಬಿಡುವಂತಿಲ್ಲ. ಕಾರ್ಡ್ ಬದಲಾದಾಗ ಪೆಡಲ್ ಬದಲಿಸದಿದ್ದರೆ ಎಲ್ಲ ಕಲಸಿಹೋಗುತ್ತದೆ. ಇದು ಮೋಸವಲ್ಲವೇ ಎಂದು ಅವಳಿಗೆ ಅಳುಕು. ಅಲ್ಲ. ಕೈ ಚಿಕ್ಕದಿದ್ದವರು ಅಗಲದ ಕಾರ್ಡನ್ನು ಬಿಡಿಸಿ ನುಡಿಸುವುದನ್ನೂ ಅಲ್ಲೊಂದು ಇಲ್ಲೊಂದು ಸ್ವರ ಬಿಡುವುದನ್ನೂ, ಸಂಗೀತ ಕೆಡದಂತಿದ್ದರೆ, ಅವಳ ಪರೀಕ್ಷಾ ಮಂಡಳಿಯ ಪಠ್ಯಕ್ರಮವೇ ಒಪ್ಪುತ್ತದೆ. ಆ ಭಾಗ ಓದಿಕೊಂಡು, ಗೇಣಿನ ಅಳತೆ ಬರೆದುಕೊಂಡು ಗುರುಗಳ ಬಳಿ ಮಾತಾಡಿ ಎಂದು ತಾಯಿಗೆ ಹೇಳಿದೆವು. “ಕೈ ಚಿಕ್ಕದು” ಎಂದರೆ ಅದು ದೂರಾಗುತ್ತದೆ. “18.7 ಇದೆ, ಯಾವ ಕೃತಿ ಹೊಂದುತ್ತದೆ?” ಎಂದರೆ ಗುರುಗಳಿಗೂ ಉತ್ತರ ಕೊಡಲು ಸುಲಭ. ಅವರು ಆ ಕೃತಿಯ ಬದಲು ಹೈಡನ್ ಎಂಬ ಸಂಗೀತಗಾರನದೊಂದನ್ನು ಕೊಟ್ಟರು.

ಇನ್ನು ಹುಟ್ಟು ಪ್ರತಿಭೆ. ಆ ಒಂದು ಪದವನ್ನು ಬಿಡಿಸಿ ನೋಡಿದೆವು. ಐದು ಸ್ವರ ಕೇಳಿಸಿದಾಗ ತಪ್ಪಿಲ್ಲದೆ ಹಾಡಿ ತೋರಿಸಿದಳು. ಚಿಕ್ಕಂದಿನಲ್ಲಿ ಎರಡು ವರ್ಷ ಹೇಳಿಕೊಂಡ ಸರಳೆ, ಜಂಟಿ ವರಸೆಗಳು ಕಿವಿಯಲ್ಲಿ ಉಳಿದಿದ್ದವು. ಸ–ಪ ಅಂತರ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ತಾಳ ಗಟ್ಟಿ. ಹೊಸ ಪುಟ ಓದಿ ನುಡಿಸುವುದು ನಿಧಾನ, ಅದಕ್ಕೆ ದಿನಕ್ಕೆ ಐದು ನಿಮಿಷ, ಎರಡು ಗ್ರೇಡ್ ಕೆಳಗಿನ ಪುಸ್ತಕ, ತಪ್ಪಿದರೂ ನಿಲ್ಲದೆ. ಚಿಕ್ಕಪ್ಪನ ಮಗನಿಗೆ ಕೇಳಿ ನುಡಿಸುವುದು ಬೇಗ ಬರುತ್ತದೆ, ಅದು ನಿಜವಾದ ವರ. ಹಾಗಂತ ಬರೆದ ಸಂಗೀತ ಅವನಿಗೆ ಓದಲು ಬರುವುದಿಲ್ಲ. ಇಬ್ಬರ ವ್ಯತ್ಯಾಸವನ್ನು ಸುಳ್ಳು ಎಂದು ಅವಳಿಗೆ ಹೇಳಲಿಲ್ಲ, ಅವಳು ಜಾಣೆ, ನಂಬುತ್ತಿರಲಿಲ್ಲ. ಮನೆಯಲ್ಲಿ ಒಂದೇ ಮಾತು ನಿಲ್ಲಬೇಕಿತ್ತು: ಅವನು ನುಡಿಸಿದಾಗಲೆಲ್ಲ “ನೋಡು, ಕಲಿಸದೇ ಬಂತು” ಎನ್ನುವುದು. ತಂದೆಯನ್ನು ಕರೆಸಿ ಹೇಳಿದೆವು. ಅವರು ಸುಮ್ಮನೆ ಕೇಳಿಸಿಕೊಂಡರು. ಅದು ಮಗಳಿಗೆ ಹೀಗೆ ಕೇಳಿಸುತ್ತದೆಂದು ಗೊತ್ತಿರಲಿಲ್ಲ ಎಂದರು.

ಮೂರು ವಾರಕ್ಕೆ ನೋವು ಇಳಿಯಿತು, ಊಟ ಸರಿಹೋಯಿತು. ಪರೀಕ್ಷೆ ಎಸ್ಸೆಸ್ಸೆಲ್ಸಿ ಆಚೆಗೆ ಹೋಗಿದೆ. ಹೈಡನ್ ಅವಳಿಗೆ ಅಷ್ಟೇನೂ ಹಿಡಿಸಿಲ್ಲ, ಆ ಆಕ್ಟೇವ್ ಕೃತಿಯೇ ಬೇಕಂತೆ. ಹೋದ ಭೇಟಿಗೆ ಅದರ ಪುಟಗಳನ್ನೇ ತಂದಿದ್ದಳು. ಬಿಡಬಹುದಾದ ಒಳಸ್ವರಗಳಿಗೆಲ್ಲ ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕಿದ್ದಳು.