ತಪ್ಪಲೆ ಇರುವಷ್ಟು ದಿನ ಹಂಚು ಬದಲಾಗದು

ಅಮೆರಿಕದಲ್ಲಿ ಮನೆ, ಕಾರು, ದಿನಸಿ, ಚಳಿ, ಕೆಲಸ ಎಂದೆಲ್ಲ ಕೇಳಿ ನೀವು ಬರೆದ ಪತ್ರ ತಲುಪಿತು. ಮೊದಲಿಗೆ, ನನ್ನನ್ನು ಸರ್ ಎನ್ನಬೇಡಿ. ನಾವು ಒಂದೇ ಊರಿನವರು, ಅಣ್ಣ ಎಂದರೆ ಸಾಕು. ಮನೆಯನ್ನು ಇಲ್ಲಿ ನ್ಯೂಜೆರ್ಸಿಯ ಎಡಿಸನ್ ರೈಲು ನಿಲ್ದಾಣದ ಹತ್ತಿರವೇ ಹಿಡಿಯಿರಿ. ಕಾರು ಹಳೆಯದಾದರೂ ನಡೆಯುತ್ತದೆ. ಬೇಳೆ, ಹುಣಸೆಹಣ್ಣಿಗೆ ಭಾರತೀಯ ಅಂಗಡಿಗಳ ಓಕ್ ಟ್ರೀ ರಸ್ತೆ ಇದೆ. ಚಳಿಗೆ ಉಪಾಯವಿಲ್ಲ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ. ತಿಂಗಳ ಕೊನೆಯ ಲೆಕ್ಕದ ಪ್ರೋಗ್ರಾಂ ನಡುರಾತ್ರಿ ನಿಂತುಹೋಗುತ್ತದೆ, ಕಾರಣ ಎಲ್ಲರಿಗೂ ಗೊತ್ತು, ಆದರೂ ಮ್ಯಾನೇಜರ್ ಪ್ರತಿ ಸಲ ‘ಮುಂದೆ ನೋಡೋಣ’ ಎನ್ನುತ್ತಾರೆ. ಅಮೆರಿಕದಲ್ಲೂ ಹೀಗೆಯೇ ಎಂದು ಕೇಳಿದ್ದೀರಿ.

ಹೀಗೆಯೇ. 1998ರಲ್ಲಿ ನಾನು ಬಂದದ್ದೇ ಇಂಥ ಮುಂದೂಡಿಕೆಯ ಪುಣ್ಯದಿಂದ. ಇಸವಿಗೆ ಎರಡೇ ಅಂಕೆ ಬರೆದು, 00 ಎಂದರೆ 1900 ಎಂದೇ ಓದುತ್ತಿದ್ದ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನು 2000 ಬರುವುದರೊಳಗೆ ಸರಿಪಡಿಸಬೇಕಿತ್ತು. ನಾಲ್ಕು ಅಂಕೆ ಮಾಡಲು ಪ್ರತಿಯೊಂದು ಕಡತ, ಪರದೆ, ವರದಿಯನ್ನೂ ಮುಟ್ಟಬೇಕು. ಅಷ್ಟು ಪುರುಸೊತ್ತು ಯಾರಿಗಿತ್ತು? ಅಂಕೆ 30ಕ್ಕಿಂತ ಕಡಿಮೆಯಿದ್ದರೆ 2000ದಿಂದ ಈಚಿನದು, ಇಲ್ಲದಿದ್ದರೆ ಹಿಂದಿನ ಶತಮಾನದ್ದು ಎಂದು ಒಂದು ಸಾಲು ಸೇರಿಸಿದೆವು. 2030ರೊಳಗೆ ಹೊಸ ವ್ಯವಸ್ಥೆ ಬಂದಿರುತ್ತದೆ ಎಂದರು. ಎಲ್ಲ ಕಡೆ ಎಲ್ಲಿ ಬಂತು? 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳ ಹೊರೆಗೆ ಹಳೆಯ ಕಂಪ್ಯೂಟರ್‌ಗಳು ತತ್ತರಿಸಿದಾಗ, ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕರೆಕೊಟ್ಟರು. ನಮ್ಮ ವಿದ್ಯೆ ಇನ್ನೂ ಸತ್ತಿಲ್ಲವಲ್ಲ ಎಂದು ನನಗೆ ಕೊಂಚ ಹೆಮ್ಮೆಯೇ ಆಯಿತು!

ಏಕೆ ಮುಂದೂಡುತ್ತಾರೆ ಎಂದರೆ, ದುರಸ್ತಿ ಸರಿಹೋದರೆ ಯಾರೂ ಗಮನಿಸುವುದಿಲ್ಲ. ಕೆಟ್ಟರೆ ಮುಟ್ಟಿದವನ ತಲೆಗೆ. ಬರೆದವರು ನಿವೃತ್ತರಾಗಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎದ್ದು ಕೈಯಾರೆ ಸಂಭಾಳಿಸುವ ಒಬ್ಬರು ಇರುತ್ತಾರೆ. ಸೋರುವ ಹಂಚಿನ ಕೆಳಗೆ ಅಜ್ಜಿ ಇಡುತ್ತಿದ್ದ ತಪ್ಪಲೆ ನೆನಪಿದೆಯೇ? ಆ ತಪ್ಪಲೆ ಈಗ ನೀವು. ನಿಮ್ಮ ನಿದ್ದೆ ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಅಮೆರಿಕದ ಸೌತ್‌ವೆಸ್ಟ್ ವಿಮಾನ ಸಂಸ್ಥೆಯಲ್ಲಿ ಆದದ್ದೂ ಇದೇ. ಸಿಬ್ಬಂದಿಯನ್ನು ವಿಮಾನಗಳಿಗೆ ಹೊಂದಿಸುವ ತಂತ್ರಾಂಶ ಸಾಲದೆಂದು ಪೈಲಟ್‌ಗಳ ಸಂಘ ವರ್ಷಗಳಿಂದ ಎಚ್ಚರಿಸುತ್ತಿತ್ತು. 2022ರ ಡಿಸೆಂಬರಿನ ಹಿಮಗಾಳಿಯಲ್ಲಿ ಯಾವ ಸಿಬ್ಬಂದಿ ಎಲ್ಲಿದ್ದಾರೆಂದು ಫೋನಿನಲ್ಲಿ ಕೇಳಿ ಕೇಳಿ ಕೈಯಾರೆ ಹೊಂದಿಸಲು ಹೋಗಿ ಸೋತರು. 16,000ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಮರುವರ್ಷ ಸರ್ಕಾರ 14 ಕೋಟಿ ಡಾಲರ್ ದಂಡ ಹಾಕಿತು.

ನನ್ನ ತಂಗಿಯ ಧಾರೆ ಒಂದು ವರ್ಷಾಂತ್ಯದ ಲೆಕ್ಕದ ವಾರದಲ್ಲೇ ಬಿತ್ತು. ಆ ಪ್ರೋಗ್ರಾಂ ನಿಂತರೆ ಎಬ್ಬಿಸಲು ಬರುತ್ತಿದ್ದುದು ನನಗೊಬ್ಬನಿಗೆ. ರಜೆ ಸಿಗಲಿಲ್ಲ, ವೀಸಾ ಕಂಪನಿಯ ಕೈಯಲ್ಲಿದ್ದಾಗ ಹೆಚ್ಚು ಮಾತನಾಡುವಂತೆಯೂ ಇರಲಿಲ್ಲ. ಅಣ್ಣ ನಿಲ್ಲಬೇಕಾದಲ್ಲಿ ಸೋದರಮಾವನ ಮಗ ನಿಂತ. ತಂಗಿ ಇಂದಿಗೂ ಮದುವೆಯ ಆಲ್ಬಮ್ ನನಗೆ ತೋರಿಸುವುದಿಲ್ಲ.

ಆದ್ದರಿಂದ ಜಗಳವಾಡಬೇಡಿ, ಬರೆದಿಡಿ. ಪ್ರತಿ ತಿಂಗಳು ಎಷ್ಟು ಗಂಟೆ ಹೋಯಿತು, ಯಾವ ವರದಿ ತಡವಾಯಿತು ಎಂದು ಮ್ಯಾನೇಜರಿಗೆ ಇಮೇಲ್‌ನಲ್ಲೇ ತಿಳಿಸಿ. ರಾತ್ರಿ ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ. ತಾನೇ ಅನಿವಾರ್ಯ ಎಂಬ ಬಿಂಕ ಬೇಡ. ಮುಂದಿನ ವರ್ಷದ ಬಜೆಟ್ ಕೂಡಿಸುವುದು ಹೆಚ್ಚಿನ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರೆಯ ಹೊತ್ತಿಗೆ ನಿಮ್ಮ ಲೆಕ್ಕ ಅವರ ಮೇಜಿನ ಮೇಲಿರಲಿ.