ಮಗಳ ಮಾತು ಮುಗಿಯುವ ಮೊದಲೇ ಉತ್ತರ ಯಾಕೆ?

ಪ್ರಶ್ನೆ: ಮೇಡಂ, ನನಗೆ 61 ವರ್ಷ. ಹಾಸನದಲ್ಲಿದ್ದೇವೆ. ಸರ್ಕಾರಿ ಆಸ್ಪತ್ರೆಯೊಂದಕ್ಕೆ ಸ್ಟಾಫ್ ನರ್ಸ್ ಆಗಿ ಸೇರಿ, ವಾರ್ಡ್ ಇನ್‌ಚಾರ್ಜ್ ಆಗಿ ನಿವೃತ್ತಳಾದೆ. ಮನೆಯಲ್ಲಿ ನಾನು ಮತ್ತು ನಮ್ಮ ಯಜಮಾನರು. ಒಬ್ಬಳೇ ಮಗಳು. ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ, ಸಾಫ್ಟ್‌ವೇರ್ ಕೆಲಸ.

ನನಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಕುಕ್ಕರ್ ಇಟ್ಟ ಜಾಗದಲ್ಲೇ ಇರಬೇಕು. ಬಟ್ಟೆ ನಾನು ಹೇಳಿದ ಹಾಗೇ ಹರವಬೇಕು. ಯಜಮಾನರು ತರಕಾರಿ ತಂದರೆ, ಚೀಲ ಕೆಳಗಿಡುವ ಮೊದಲೇ "ಬದನೆಕಾಯಿ ಬಲಿತಿದೆ" ಅಂದುಬಿಡುತ್ತೇನೆ. ಈಗೀಗ ಅವರು ಸಂಜೆ ಮಹಾರಾಜ ಪಾರ್ಕಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಯಾರು ಏನೇ ಹೇಳಲಿ, ನನ್ನ ಬಾಯಿಂದ ಮೊದಲು ಬರುವುದು "ಬೇಡ", ಇಲ್ಲಾಂದ್ರೆ "ಅದೆಲ್ಲ ಆಗಲ್ಲ".

ಯುಗಾದಿ ಕಳೆದ ಮೇಲೆ ಮಗಳು ಒಂದು ದಿನ ಫೋನ್ ಮಾಡಿದ್ದಳು. ನಡೆದ ಮಾತನ್ನು ಹಾಗೇ ಬರೆಯುತ್ತೇನೆ.

"ಅಮ್ಮ, ಈ ಕೆಲಸ ಬಿಟ್ಟುಬಿಡೋಣ ಅನ್ಸ್ತಿದೆ."

"ಬಿಟ್ಟು ಏನ್ಮಾಡ್ತೀಯ? ಫ್ಲ್ಯಾಟ್ ಲೋನ್ ಯಾರು ಕಟ್ತಾರೆ? ನಿಮ್ಮತ್ತೆಗೆ ಗೊತ್ತಾ? ಇಂಥ ಕೆಲಸ ಮತ್ತೆ ಸಿಗುತ್ತಾ? ನಿಮ್ಮಪ್ಪನ ಹತ್ರ ಮಾತ್ರ ಹೇಳ್ಬೇಡ, ಬಿಪಿ ಜಾಸ್ತಿಯಾಗುತ್ತೆ. ಊಟ ಸರಿಯಾಗಿ ಮಾಡ್ತಿದೀಯಾ?"

"ಹೂಂ. ಆಯ್ತು ಬಿಡಮ್ಮ."

ಆಮೇಲೆ ಅವಳು ರಾಜೀನಾಮೆ ಕೊಟ್ಟಿದ್ದು ನನಗೆ ತಿಳಿದದ್ದು ಯಜಮಾನರಿಂದ. ಅವರಿಗೆ ಮೊದಲೇ ಹೇಳಿದ್ದಳಂತೆ. ನಾನು ಕೇಳಿದ್ದರಲ್ಲಿ ತಪ್ಪೇನಿತ್ತು? ಈ ವಯಸ್ಸಿನಲ್ಲಿ ಸ್ವಭಾವ ಬದಲಾಗುತ್ತಾ? ಗೌರಿ ಹಬ್ಬಕ್ಕೆ ಬರುತ್ತಾಳೆ. ಹೇಗೆ ಮಾತಾಡಿಸಲಿ?

— ಹೆಸರು ಬೇಡ, ಹಾಸನ

ಉತ್ತರ: ಸಿಸ್ಟರ್, ವಾರ್ಡಿನಲ್ಲಿ ಎಲ್ಲರೂ ನಿಮ್ಮನ್ನು ಹಾಗೇ ಕರೆದಿರುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. "ಮಗಳು ನನ್ನ ಮಾತು ಕೇಳಲ್ಲ" ಅಂತ ಒಂದು ಸಾಲು ಬರೆದು ಕಳಿಸುವವರೇ ಜಾಸ್ತಿ. ನೀವು ನಿಮ್ಮ ಮಾತನ್ನೂ ಬಚ್ಚಿಡದೆ ಬರೆದಿದ್ದೀರಿ. ಅದನ್ನು ಓದಿದಾಗಲೇ ನನಗೆ ಧೈರ್ಯ ಬಂತು, ಈ ಮನೆಯಲ್ಲಿ ಮಾತು ಮತ್ತೆ ಶುರುವಾಗುತ್ತದೆ ಅಂತ.

ತಪ್ಪೇನಿತ್ತು ಅಂತ ಕೇಳಿದ್ದೀರಿ. ನಿಮ್ಮ ಒಂದೊಂದು ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಸರಿಯೇ. ಲೋನ್ ಇರುವುದು ನಿಜ. ಕೆಲಸ ಸಿಗುವುದು ಕಷ್ಟ, ಅದೂ ನಿಜ. ಆದರೆ ಅವಳ ಮಾತನ್ನು ಇನ್ನೊಮ್ಮೆ ಓದಿ. "ಬಿಟ್ಟೆ" ಅನ್ನಲಿಲ್ಲ. "ಬಿಡ್ತೀನಿ" ಅಂತಲೂ ಅನ್ನಲಿಲ್ಲ. "ಬಿಟ್ಟುಬಿಡೋಣ ಅನ್ಸ್ತಿದೆ" ಅಂದಳು. ಇನ್ನೂ ಯೋಚನೆಯಲ್ಲಿದ್ದ ಹುಡುಗಿ ಅಮ್ಮನ ಹತ್ತಿರ ಮನಸ್ಸು ಬಿಚ್ಚಲು ಬಂದಿದ್ದಳು. ನೀವು ಒಂದೇ ಉಸಿರಿನಲ್ಲಿ ಐದು ಪ್ರಶ್ನೆ ಕೇಳಿದಿರಿ. ಮೊದಲ ನಾಲ್ಕಕ್ಕೆ ಉತ್ತರ ಹೇಳಲು ಅವಳಿಗೆ ಜಾಗವೇ ಇರಲಿಲ್ಲ. ಐದನೆಯದು ಊಟದ್ದು. ಅದಕ್ಕೆ ಮಾತ್ರ "ಹೂಂ" ಅಂದಳು. ಯಾಕೆ ಬಿಡಬೇಕು ಅನ್ನಿಸಿತು ಅನ್ನುವುದೊಂದನ್ನು ಕೇಳಲೇ ಇಲ್ಲ, ಗಮನಿಸಿದಿರಾ? ಕಾಗದದಲ್ಲೂ ಆ ಕಾರಣ ಇಲ್ಲ. ಇವತ್ತಿಗೂ ನಿಮಗದು ಗೊತ್ತಿಲ್ಲ ಅಂತ ನನ್ನ ಊಹೆ.

ಇನ್ನೊಂದು ವಿಷಯ. ಹೋಗಲೋ ಬೇಡವೋ ಅಂತ ಮನಸ್ಸು ಹೊಯ್ದಾಡುವಾಗ ಯಾರಾದರೂ ಒಂದು ಕಡೆಗೆ ದೂಡಿದರೆ, ನಾವು ಇನ್ನೊಂದು ಕಡೆಯ ವಕೀಲರಾಗುತ್ತೇವೆ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕುಡಿತದಿಂದ ಕಷ್ಟಪಡುವವರ ಜೊತೆ ಕೆಲಸ ಮಾಡುತ್ತಾ ಇದನ್ನು ಕಂಡುಕೊಂಡರು. 1983ರಲ್ಲಿ ಅದರ ಬಗ್ಗೆ ಬರೆದರು. ಬುದ್ಧಿ ಹೇಳಿ ತಿದ್ದಲು ಹೊರಟಷ್ಟೂ ಎದುರಿನವರು ಕುಡಿಯುವುದಕ್ಕೆ ಕಾರಣ ಹುಡುಕುತ್ತಾರೆ. ಅವರ ಮಾತನ್ನೇ ಕೇಳಿಸಿಕೊಂಡು ತಿರುಗಿ ಹೇಳಿದರೆ, ಬಿಡುವುದಕ್ಕೆ ಕಾರಣವನ್ನು ಅವರೇ ಹೇಳತೊಡಗುತ್ತಾರೆ. ಇವತ್ತು ಮದ್ಯ ಬಿಡಿಸುವ ಆಪ್ತಸಮಾಲೋಚನೆಯಲ್ಲಿ ಈ ಪದ್ಧತಿ ಬಹಳ ಕಡೆ ಬಳಕೆಯಲ್ಲಿದೆ. ನಿಮ್ಮ ಮಗಳಿಗೂ ಕೆಲಸ ಉಳಿಸಿಕೊಳ್ಳಲು ಒಂದಷ್ಟು ಕಾರಣ ಇದ್ದೇ ಇದ್ದವು. ಅವನ್ನೆಲ್ಲ ನೀವೇ ಹೇಳಿ ಮುಗಿಸಿದಿರಿ. ಅವಳ ಪಾಲಿಗೆ ಉಳಿದದ್ದು ಬಿಡುವ ಕಾರಣಗಳು ಮಾತ್ರ.

ಈಗ ನಿಮ್ಮ ವಾರ್ಡಿಗೆ ಬರೋಣ. ನಿಮ್ಮ ಸ್ವಭಾವಕ್ಕೆ ಔಷಧಿ ಅಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ರಾತ್ರಿ ಡ್ಯೂಟಿಯಲ್ಲಿ ಡಾಕ್ಟರು ಫೋನಿನಲ್ಲಿ ಆರ್ಡರ್ ಕೊಟ್ಟಾಗ ಏನು ಮಾಡುತ್ತಿದ್ದಿರಿ? ಮೊದಲು ಬರೆದುಕೊಳ್ಳಬೇಕು. ಬರೆದದ್ದನ್ನು ಅವರಿಗೇ ತಿರುಗಿ ಓದಿ ಹೇಳಬೇಕು. ಔಷಧಿ ಯಾವುದು, ಎಷ್ಟು, ಬಾಯಿಗೋ ನರಕ್ಕೋ. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ ಅಂತ "ಒನ್ ಫೈವ್" ಎಂದು ಬಿಡಿಸಿ ಕೇಳಬೇಕು. ಅವರು "ಸರಿ" ಅಂದ ಮೇಲೇ ಸಿರಿಂಜಿಗೆ ಕೈ ಹಾಕುವುದು. ಅನುಮಾನ ಇದ್ದರೆ, ತಿರುಗಿ ಓದಿ ಹೇಳಿದ ಮೇಲೆ, ಸಿರಿಂಜು ಮುಟ್ಟುವ ಮೊದಲೇ ಕೇಳುವುದು. ಅರ್ಧ ಆರ್ಡರ್ ಕೇಳಿ ಓಡುವ ನರ್ಸನ್ನು ನೀವು ಸುಮ್ಮನೆ ಬಿಡುತ್ತಿದ್ದಿರಾ?

ಮಗಳ ಮಾತಿಗೂ ಇಷ್ಟೇ ಮಾಡಿ. ಕೇಳಿಸಿಕೊಳ್ಳಿ, ಕೇಳಿದ್ದನ್ನು ತಿರುಗಿ ಹೇಳಿ, ಅವಳು "ಹೌದಮ್ಮ" ಅನ್ನುವವರೆಗೆ ನಿಮ್ಮ ಅಭಿಪ್ರಾಯ ಒಳಗೇ ಇರಲಿ.

"ಅಮ್ಮ, ಕೆಲಸ ಬಿಟ್ಟುಬಿಡೋಣ ಅನ್ಸ್ತಿದೆ."

"ಬಿಡೋ ಯೋಚನೆ ಬರೋ ಅಷ್ಟು ಸಾಕಾಗಿದೆಯಾ?"

ಇಲ್ಲಿ ನಿಲ್ಲಿಸಿ. ಅವಳು "ಹೌದು" ಅನ್ನಬಹುದು, "ಸಾಕಾಗಿದೆ ಅಂತಲ್ಲ, ಮ್ಯಾನೇಜರ್ ಬದಲಾದ ಮೇಲೆ..." ಅಂತ ತಿದ್ದಲೂಬಹುದು. ತಿದ್ದಿದರೆ ಇನ್ನೂ ಒಳ್ಳೆಯದು, ನಿಜ ಸಂಗತಿ ಹೊರಗೆ ಬರುತ್ತಿದೆ ಅಂತ ಅರ್ಥ. ನಡುವೆ ಮೌನ ಬಂದರೆ ತುಂಬಲು ಹೋಗಬೇಡಿ. ಫೋನಿನಲ್ಲಂತೂ ಆ ಮೌನ ಬಹಳ ಉದ್ದ ಅನ್ನಿಸುತ್ತದೆ. ಆಗಲಿ.

ಇಷ್ಟೆಲ್ಲ ಕೇಳುತ್ತಾ ಕೂತರೆ ಮಾತು ಮುಗಿಯುವುದು ಯಾವಾಗ ಅನ್ನಿಸಬಹುದು. ನಿಮ್ಮ ವೃತ್ತಿಯಿಂದಲೇ ಲೆಕ್ಕ ಕೊಡುತ್ತೇನೆ. ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು ಸಂಶೋಧಕರು ಅಮೆರಿಕದಲ್ಲಿ 74 ರೋಗಿಗಳ ಭೇಟಿಯನ್ನು ಧ್ವನಿಮುದ್ರಿಸಿ ಕೇಳಿದರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದ್ದರು. ಇದು ಪ್ರಕಟವಾದದ್ದು 1984ರಲ್ಲಿ. 1999ರಲ್ಲಿ ಬೇರೆಯವರು 264 ಭೇಟಿಗಳನ್ನು ನೋಡಿದರು. ಅಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿ ಇದು: ಪೂರ್ತಿ ಹೇಳಲು ಬಿಟ್ಟ ರೋಗಿಗಳು, ನಡುವೆ ತಡೆಸಿಕೊಂಡವರಿಗಿಂತ ಸರಾಸರಿ 6 ಸೆಕೆಂಡ್ ಮಾತ್ರ ಜಾಸ್ತಿ ಮಾತಾಡಿದ್ದರು. ಬರೀ 6 ಸೆಕೆಂಡ್, ಸಿಸ್ಟರ್!

ಇನ್ನು ಕುಕ್ಕರಿನ ಜಾಗ, ಬಟ್ಟೆ ಹರವುವ ರೀತಿ. ನಿಮ್ಮ ಬಿಗಿ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಪ್ರತಿ ಶಿಫ್ಟಿನಲ್ಲೂ ಎಮರ್ಜೆನ್ಸಿ ಟ್ರೇ ತೆಗೆದು, ಅಡ್ರಿನಲಿನ್ ಇದೆಯಾ, ಎಕ್ಸ್‌ಪೈರಿ ಯಾವಾಗ ಅಂತ ನೋಡಿದವರು ನೀವು. ಅಲ್ಲಿ ಒಂದು ವಸ್ತು ಜಾಗದಲ್ಲಿಲ್ಲ ಅಂದರೆ ಜೀವ ಹೋಗಬಹುದಿತ್ತು. ಆ ಎಚ್ಚರಕ್ಕೆ ನಾನು ಕೈ ಮುಗಿಯುತ್ತೇನೆ. ಅದರಿಂದ ಎಷ್ಟೋ ಜನ ಬದುಕಿ ಮನೆಗೆ ಹೋಗಿದ್ದಾರೆ. ಆದರೆ ನಿವೃತ್ತಿಯ ದಿನ ಆ ಭಯವನ್ನು ವಾರ್ಡಿನಲ್ಲೇ ಹ್ಯಾಂಡೋವರ್ ಮಾಡಿ ಬರಲು ಯಾರೂ ನಿಮಗೆ ಹೇಳಿಕೊಡಲಿಲ್ಲ. ಬದನೆಕಾಯಿ ಬಲಿತರೆ ಯಾರಿಗೂ ಏನೂ ಆಗುವುದಿಲ್ಲ, ಅಲ್ವಾ?

ಹಾಗಾಗಿ ಬಿಗಿ ಬೇಕಾದ ಕಡೆ ಇರಲಿ. ಯಜಮಾನರ ಬಿಪಿ ಮಾತ್ರೆ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್, ಅಡುಗೆಯ ಉಪ್ಪು. ಇವುಗಳಲ್ಲಿ ನಿಮ್ಮ ಮಾತೇ ನಡೆಯಲಿ. ಉಳಿದದ್ದರಲ್ಲಿ, "ಬೇಡ" ಅನ್ನುವ ಮೊದಲು ಯಜಮಾನರು ಹೇಳಿದ್ದನ್ನು ಒಮ್ಮೆ ತಿರುಗಿ ಹೇಳುವ ರೂಢಿ ಮಾಡಿಕೊಳ್ಳಿ. ಅವರು "ಇವತ್ತು ರಾತ್ರಿ ಚಪಾತಿ ಬೇಡ, ಉಪ್ಪಿಟ್ಟು ಮಾಡೋಣ" ಅಂದರೆ, "ಉಪ್ಪಿಟ್ಟು ತಿನ್ನೋ ಆಸೆ ಆಯ್ತಾ?" ಅಂದು ನೋಡಿ. ಆಮೇಲೂ ಬೇಡ ಅನ್ನಿಸಿದರೆ ಬೇಡ ಅನ್ನಿ. ಬಹಳ ಸಲ ಅನ್ನಿಸುವುದೇ ಇಲ್ಲ.

ಅವರನ್ನು ಒಂದು ಮಾತು ಕೇಳಿ: "ಮನೆಯಲ್ಲಿ ಯಾವುದು ನಿಮ್ಮಿಷ್ಟದ ಹಾಗೆ ಇದ್ದರೆ ಚೆನ್ನಾಗಿರುತ್ತೆ?" ಅವರು ಏನು ಹೇಳುತ್ತಾರೋ ಅದನ್ನು ಪೂರ್ತಿ ಅವರಿಗೇ ಬಿಡಿ. ತರಕಾರಿ ಅಂದರೆ ತರಕಾರಿ. ಬಲಿತ ಬದನೆಕಾಯಿ ಬಂದ ದಿನ ಬಾಯಿ ಬಿಡಬೇಡಿ.

ನಿಮಗೆ ನಿಜವಾಗಿ ಹೆದರಿಕೆಯಾದಾಗ ಅದನ್ನೇ ಹೇಳಿ. "ಲೋನ್ ಯಾರು ಕಟ್ತಾರೆ?" ಅನ್ನುವುದು ಮಗಳಿಗೆ ಪೊಲೀಸ್ ವಿಚಾರಣೆ ಥರ ಕೇಳಿಸುತ್ತದೆ. "ಲೋನ್ ನೆನೆಸ್ಕೊಂಡ್ರೆ ನಂಗೆ ಭಯ ಆಗುತ್ತೆ ಕಣೇ" ಅಂದರೆ ಅಮ್ಮ ಮಾತಾಡಿದ ಹಾಗಿರುತ್ತದೆ. ಅವಳು ಸಮಾಧಾನವನ್ನೂ ಹೇಳಬಹುದು, ಗಂಡ ಹೆಂಡತಿ ಹಾಕಿಕೊಂಡ ಲೆಕ್ಕವನ್ನೂ ಹೇಳಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಗಳು ನಂಬಿ ಹೇಳಿದ್ದನ್ನು ಮುಂದೆ ಯಾವತ್ತೂ "ಅವತ್ತು ನೀನೇ ಹೇಳಿದ್ಯಲ್ಲ" ಅಂತ ಅವಳ ಮೇಲೇ ತಿರುಗಿಸಬೇಡಿ. ಅವಳ ಅತ್ತೆಯ ಕಿವಿಗೂ ಹೋಗಬಾರದು. ಮುಚ್ಚಿದ ಬಾಯಿ ಒಮ್ಮೆ ಬಿಚ್ಚಿ ಪೆಟ್ಟು ತಿಂದರೆ ಮತ್ತೆ ಬಿಚ್ಚುವುದು ತೀರಾ ಕಷ್ಟ. ಎಷ್ಟೋ ಮನೆಗಳಲ್ಲಿ ಕೆಟ್ಟದ್ದು ಈ ಹಂತದಲ್ಲೇ. ಹಾಗೆಯೇ, ಹಲ್ಲು ಕಚ್ಚಿ ಸುಮ್ಮನೆ ಕೂರುವುದು ಕೇಳಿಸಿಕೊಂಡಂತಲ್ಲ. ಹುಬ್ಬು ಗಂಟಿಕ್ಕಿದ್ದು ವೀಡಿಯೋ ಕಾಲ್‌ನಲ್ಲೂ ಕಾಣುತ್ತದೆ.

ಗೌರಿ ಹಬ್ಬಕ್ಕೆ ಬಂದಾಗ ರಾಜೀನಾಮೆಯ ಸುದ್ದಿ ನೀವಾಗಿ ತೆಗೆಯಬೇಡಿ, ಬಾಗಿನ ಕೊಡುವ ಹೊತ್ತಿನಲ್ಲಂತೂ ಬೇಡವೇ ಬೇಡ. ಎದುರುಬದುರು ಕೂರಿಸಿಕೊಂಡು ಮಾತಾಡಿಸುವುದಕ್ಕಿಂತ ಕಡುಬಿಗೆ ಹೂರಣ ತುಂಬುತ್ತಾ ಪಕ್ಕದಲ್ಲಿ ಕೂತಾಗ ಮಾತು ಸಲೀಸು. ಅವಳ ಕಡುಬಿನ ಅಂಚು ಸೊಟ್ಟಗಿದ್ದರೆ ಇರಲಿ. ಸಮಯ ಸಿಕ್ಕಾಗ ಇಷ್ಟು ಹೇಳಿ ಸಾಕು: "ಅವತ್ತು ಫೋನಲ್ಲಿ ನಿನ್ನ ಮಾತು ಪೂರ್ತಿ ಕೇಳ್ಲಿಲ್ಲ. ಹೇಳ್ಬೇಕು ಅನ್ಸಿದಾಗ ಹೇಳು, ಕೇಳ್ತೀನಿ." ಅವಳು "ಬೇಡ ಬಿಡಮ್ಮ" ಅಂದರೆ, "ಆಯ್ತು ಮಗಳೇ" ಅಂದು ಹೂರಣ ತುಂಬಿ. ಮೊದಲ ಸಲವೇ ನಂಬಿಬಿಡಬೇಕು ಅಂತ ಅವಳಿಂದ ಬಯಸಬೇಡಿ. ಕೆಲವು ತಿಂಗಳು ಹಿಡಿಯಬಹುದು. ಅಪ್ಪನಿಗೆ ಮೊದಲು ಹೇಳಿದ್ದಕ್ಕೆ ಅವರಿಬ್ಬರ ಮೇಲೂ ಮುನಿಸು ಬೇಡ. ಅವಳಿಗೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇದ್ದರಲ್ಲ.

ಗ್ಯಾಸ್, ಬಾಗಿಲಿನ ಚಿಲಕ ಅಂತ ರಾತ್ರಿ ಎದ್ದೆದ್ದು ನೋಡುವಂತಾಗಿದ್ದರೆ, ನಿದ್ದೆ ಕೆಡುತ್ತಿದ್ದರೆ, ಅದು ಬರೀ ಶಿಸ್ತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಪುತ್ತೂರಿನ ಹತ್ತಿರ ನಮ್ಮದು ಅಡಿಕೆ ತೋಟ. ಮರ ಹತ್ತುವವರು ಸಿಗುವುದಿಲ್ಲ. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ತಂದು ಕೆಳಗಿನಿಂದಲೇ ಮದ್ದು ಬಿಡೋಣ ಅಂದರೆ ಅಪ್ಪ "ಅದೆಲ್ಲ ಆಗುವ ಕೆಲಸ ಅಲ್ಲ" ಎಂದು ಎದ್ದು ಹೋಗುತ್ತಾರೆ. ಇಂಥ ಹಟಕ್ಕೆ ಮದ್ದೇನು?

— ಓದುಗ, 34 ವರ್ಷ

ಉತ್ತರ: ಅಪ್ಪ ಯಾಕೆ ಆಗುವುದಿಲ್ಲ ಅನ್ನುತ್ತಾರೆ ಅಂತ ನಿಮ್ಮ ಕಾಗದದಲ್ಲಿ ಇಲ್ಲ. ಕೇಳಿದ್ದೀರಾ? ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಗೊನೆಯ ಸುತ್ತಲೂ ತಾಗದಿದ್ದರೆ ಮಳೆಗಾಲದಲ್ಲಿ ಕೊಳೆರೋಗ ಹಿಡಿಯುತ್ತದೆ, ವರ್ಷದ ಫಸಲೇ ಉದುರಿಹೋಗುತ್ತದೆ. ಕೆಳಗೆ ನಿಂತವನಿಗೆ ಗೊನೆಯ ಹಿಂಬದಿ ಕಾಣುತ್ತದೆಯೇ ಅನ್ನುವುದು ಅವರ ಚಿಂತೆಯಾಗಿದ್ದರೆ ಅದು ಹಟವಲ್ಲ, ಅನುಭವ. ತೋಟದಲ್ಲೇ ನಡೆಯುತ್ತಾ ಕೇಳಿ, ಯಾವ ವರ್ಷ ಕೊಳೆ ಜಾಸ್ತಿ ಬಂದಿತ್ತು, ಆಗ ಏನು ಮಾಡಿದ್ದರು ಅಂತ. ದೋಟಿಯ ಹೆಸರೇ ಎತ್ತಬೇಡಿ. ಅವರು ಹೇಳಿ ಮುಗಿಸಿದ ಮೇಲೆ, "ಹಾಗಾದರೆ ಮದ್ದು ಸರಿಯಾಗಿ ತಾಗುವುದಿಲ್ಲ ಎಂಬುದೇ ನಿಮ್ಮ ಹೆದರಿಕೆಯಾ ಅಪ್ಪ?" ಎಂದು ಕೇಳಿ. ಹೌದು ಅಂದರೆ, ಈ ಸಲ ಮಳೆಗೆ ಮೊದಲು ಒಂದು ಬದಿಯ ಕೆಲವು ಮರಗಳಿಗೆ ಮಾತ್ರ ದೋಟಿಯಿಂದ ಬಿಟ್ಟು ನೋಡೋಣ, ಯಾವ ಮರ ಅಂತ ನೀವೇ ಹೇಳಿ ಅನ್ನಿ. ಗೊನೆಗೆ ಮದ್ದು ಕೂತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಕೆಲಸವನ್ನೂ ಅವರಿಗೇ ಕೊಡಿ.